ಡಬ್ಬಿಯ ಅಂಕಿ, ಕಡ್ಡಿಯ ಗೆರೆ

ಎಂಜಿನ್ ಆಯಿಲ್ ಡಬ್ಬಿಯ ಮೇಲಿನ 5ಡಬ್ಲ್ಯೂ-30 ಎಂಬ ಬರಹ ಆಯಿಲ್ ಎಷ್ಟು ಗಟ್ಟಿ ಎಂಬುದರ ಲೆಕ್ಕ; ಗುಣಮಟ್ಟಕ್ಕೆ ಕೊಟ್ಟ ಅಂಕವಲ್ಲ. ಅಮೆರಿಕದ ಎಸ್‌ಎಇ ಸಂಸ್ಥೆ ರೂಪಿಸಿದ ಗ್ರೇಡ್ ಇದು. ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲು ಬರುವ ಅಂಕಿ ಚಿಕ್ಕದಾದಷ್ಟೂ ಆಯಿಲ್ ತಣ್ಣಗಿರುವಾಗ ಸಲೀಸಾಗಿ ಹರಿಯುತ್ತದೆ. ಆಮೇಲಿನ ಅಂಕಿ, 100 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಉಳಿಯುವ ಗಟ್ಟಿತನದ್ದು.

5ಡಬ್ಲ್ಯೂ ಆಯಿಲ್‌ನಲ್ಲಿ ಎಂಜಿನ್ ತಿರುಗೀತೇ ಎಂದು ಪರೀಕ್ಷಿಸುವುದು ಮೈನಸ್ 30 ಡಿಗ್ರಿಯಲ್ಲಿ. ಅಂಥ ಚಳಿ ಕರ್ನಾಟಕದಲ್ಲಿಲ್ಲ, ನಿಜ. ಆದರೆ ಬೆಂಗಳೂರಿನ 20 ಡಿಗ್ರಿಯ ಬೆಳಗಿನಲ್ಲೂ ಈ ಆಯಿಲ್ ಚೆನ್ನಾಗಿ ಕಾದಾಗ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಗಟ್ಟಿ. ರಾತ್ರಿಯಿಡೀ ನಿಂತ ಕಾರಿನಲ್ಲಿ ಆಯಿಲ್ ಬಹುಪಾಲು ಎಂಜಿನ್ನಿನ ತಳಕ್ಕೆ ಇಳಿದಿರುತ್ತದೆ; ಸ್ಟಾರ್ಟ್ ಮಾಡಿದ ಕೂಡಲೇ ಪಂಪ್ ಅದನ್ನು ಮೇಲಕ್ಕೆತ್ತಬೇಕು. ಅದು ತಡವಾದಷ್ಟೂ ಲೋಹಕ್ಕೆ ಲೋಹ ಉಜ್ಜುತ್ತದೆ.

ಗಟ್ಟಿ ಆಯಿಲ್ ಹಾಕಿದರೆ ಎಂಜಿನ್ ಹೆಚ್ಚು ಬಾಳುತ್ತದೆ ಎಂಬ ಗ್ಯಾರೇಜಿನ ನಂಬಿಕೆ 20ಡಬ್ಲ್ಯೂ-40 ಕಾಲದ್ದು. ಈಗಿನ ಎಂಜಿನ್ ಬೇರಿಂಗುಗಳ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗಗಳಷ್ಟು. ಹೊಸ ಪೆಟ್ರೋಲ್ ಕಾರುಗಳಲ್ಲಿ ಹಲವಕ್ಕೆ 0ಡಬ್ಲ್ಯೂ-20, ಕೆಲವಕ್ಕೆ 0ಡಬ್ಲ್ಯೂ-16 ಎಂಬ ನೀರಿನಂಥ ಆಯಿಲೇ ಗೊತ್ತುಮಾಡಿದ್ದು. ಅಂಥ ಎಂಜಿನ್ನಿಗೆ ಗಟ್ಟಿ ಆಯಿಲ್ ಸುರಿದರೆ ಮೈಲೇಜೂ ಇಳಿಯುತ್ತದೆ. ಕಾರಿನ ಜೊತೆ ಬಂದ ಕೈಪಿಡಿಯ ಮಾತೇ ಇಲ್ಲಿ ಕೊನೆ ಮಾತು.

ಗ್ರೇಡ್ ಜೊತೆಗೆ, ಗುಣಮಟ್ಟ ಹೇಳುವ ಎಪಿಐ ದರ್ಜೆಯನ್ನೂ ನೋಡಬೇಕು. ಎಸ್‌ನಿಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಸಿ ಇದ್ದರೆ ಡೀಸೆಲ್ಲಿಗೆ. ಪೆಟ್ರೋಲ್ ದರ್ಜೆಗಳಲ್ಲಿ ಎರಡನೇ ಅಕ್ಷರ ಮುಂದೆ ಹೋದಷ್ಟೂ ದರ್ಜೆ ಹೊಸದು: ಎಸ್‌ಎನ್ 2010ರದ್ದು, ಎಸ್‌ಪಿ 2020ರದ್ದು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಬಿಎಸ್6 ಡೀಸೆಲ್ ಕಾರಿಗೆ ಕಡಿಮೆ ಬೂದಿ ಬಿಡುವ ಆಯಿಲೇ ಆಗಬೇಕು. ಬೇರೆಯದಾದರೆ ಆ ದುಬಾರಿ ಫಿಲ್ಟರ್ ಬೂದಿ ಕಟ್ಟಿಕೊಳ್ಳುತ್ತದೆ.

ಆಯಿಲ್ ಮಟ್ಟ ನೋಡಲು ಕಾರು ಸಮತಟ್ಟಾದ ಜಾಗದಲ್ಲಿರಬೇಕು. ಎಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಂಬ ಅಳತೆ ಕಡ್ಡಿಯನ್ನು ಎಳೆದು, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ ಮತ್ತೆ ಎಳೆಯಬೇಕು. ಮೊದಲ ಸಲ ಎಳೆದಾಗ ಕಡ್ಡಿಗೆ ಅಲ್ಲಲ್ಲಿ ಸವರಿದ ಆಯಿಲ್ ನಂಬಿಕೆಗೆ ಯೋಗ್ಯವಲ್ಲ. ತುದಿಯಲ್ಲಿರುವ ಎರಡು ಗುರುತುಗಳ ನಡುವೆ ಆಯಿಲ್ ಅಂಚು ಕಂಡರೆ ಸಾಕು. ಡೀಸೆಲ್ ಎಂಜಿನ್ನಿನಲ್ಲಿ ಅದು ಬೇಗ ಕಪ್ಪಾಗುವುದು ಸಹಜ. ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಮಾತ್ರ ಕೂಲಂಟ್ ಸೇರಿರುವ ಅನುಮಾನ, ಮೆಕ್ಯಾನಿಕ್‌ಗೆ ತೋರಿಸಬೇಕು.

ಹಲವು ಕಾರುಗಳಲ್ಲಿ ಆ ಎರಡು ಗುರುತುಗಳ ನಡುವಿನ ಅಂತರ ಸುಮಾರು ಒಂದು ಲೀಟರ್. ಹಾಗಾಗಿ ಮಟ್ಟ ಇಳಿದಿದ್ದರೆ ಕಾಲು ಲೀಟರ್ ಸುರಿಯುವುದು, ತುಸು ಕಾಯುವುದು, ಮತ್ತೆ ಅಳೆಯುವುದು. ಆಲಿಕೆ ಇಟ್ಟು ಸುರಿದರೆ ಬಿಸಿ ಎಂಜಿನ್ ಮೇಲೆ ಚೆಲ್ಲಿ ಹೊಗೆಯೇಳುವುದು ತಪ್ಪುತ್ತದೆ. ಮೇಲಿನ ಗುರುತು ದಾಟಿಸಿ ತುಂಬಿದರೆ ತಿರುಗುವ ಕ್ರ್ಯಾಂಕ್ ಶಾಫ್ಟ್ ಆಯಿಲನ್ನು ಕಡೆದು ನೊರೆಯೆಬ್ಬಿಸುತ್ತದೆ. ಪಂಪಿಗೆ ಆಯಿಲ್ ಬದಲು ಗಾಳಿ ಸಿಗುತ್ತದೆ. ಹೆಚ್ಚಾದದ್ದನ್ನು ತೆಗೆಸಲೇಬೇಕು.

ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ ತೋರಿಸುವುದು ಒತ್ತಡವನ್ನು, ಮಟ್ಟವನ್ನಲ್ಲ. ಓಡಿಸುವಾಗ ಅದು ಹೊತ್ತಿದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಬೇಕು. ಮುಂದಿನ ಪೆಟ್ರೋಲ್ ಬಂಕಿನವರೆಗೆ ಎಂದುಕೊಂಡರೂ ಬೇರಿಂಗ್ ಹೋಗಬಹುದು.