ಡೀಸೆಲ್ ತೆರಿಗೆ ಸುತ್ತಿ ಸುತ್ತಿ ಎಲ್ಲಿಗೆ ಬಂತು?

ಅಕ್ಕಿಆಲೂರಿನಿಂದ ರೈಲು ಹತ್ತಬೇಕು ಅಂದ್ರೆ ಮೊದಲು ಹಾವೇರಿಗೆ ಬಸ್ ಹಿಡಿಯಬೇಕು. ಹಾನಗಲ್ ತಾಲ್ಲೂಕಿನಲ್ಲಿ ರೈಲು ನಿಲ್ದಾಣವೇ ಇಲ್ಲ. ಗೋವಿನಜೋಳ, ಭತ್ತ ಊರು ಬಿಡೋದೂ ಡೀಸೆಲ್ ಮೇಲೆ, ಗೊಬ್ಬರದ ಚೀಲ ಊರು ಸೇರೋದೂ ಡೀಸೆಲ್ ಮೇಲೆ. ಕ್ಯಾಂಪಸ್ಸಿನಲ್ಲಿರೋ ನಮಗೆ ಎಣ್ಣೆ ದರ ಅಂದ್ರೆ ಬೈಕಿಗೆ ಇನ್ನೂರು ರೂಪಾಯಿದು ಹಾಕ್ಸಿದ್ರೆ ವಾರ ಬರುತ್ತೋ ಇಲ್ವೋ ಅನ್ನೋ ಚಿಂತೆ. ಅಲ್ಲಿ ಅದು ಹೊಲ ಹರಗುವ ದಿನದಿಂದ ಮಾಲು ಮಾರುಕಟ್ಟೆಗೆ ಸಾಗಿಸುವ ದಿನದವರೆಗಿನ ಲೆಕ್ಕ. ಟ್ರ್ಯಾಕ್ಟರ್ ಬಾಡಿಗೆ ಗಂಟೆ ಲೆಕ್ಕದಲ್ಲಿ. ಡೀಸೆಲ್ ಏರಿದರೆ ಬಾಡಿಗೆಯೂ ಏರುತ್ತೆ. ಏರಿದಷ್ಟು ಸಲೀಸಾಗಿ ಇಳಿಯಲ್ಲ. ಗೋವಿನಜೋಳದ ದರ ಮಾತ್ರ ಡೀಸೆಲ್ ಮುಖ ನೋಡಿ ಏರೋದಿಲ್ಲ.

ಹಾಗಾಗಿ ಎಣ್ಣೆ ದರದ ಬಗ್ಗೆ ಜನರಿಗೆ ಬರುವ ಸಿಟ್ಟು, ಆ ಸಿಟ್ಟಿನಿಂದ ಏನಾಗುತ್ತೆ, ಏನಾಗಬೇಕು ಅನ್ನೋದನ್ನು ಬರೆಯೋಣ ಅಂತ ಕೂತಾಗ ಬೆಂಗಳೂರು ಬಿಟ್ಟು ಹಾನಗಲ್ಲನ್ನೇ ಉದಾಹರಣೆಗೆ ತಗೊಂಡೆವು. ಅದಕ್ಕೆ ಇನ್ನೊಂದು ಕಾರಣವೂ ಇದೆ.

2021ರ ನವೆಂಬರ್ 2, ಮಂಗಳವಾರ. ಸಿ.ಎಂ. ಉದಾಸಿ ಅವರ ನಿಧನದಿಂದ ತೆರವಾಗಿದ್ದ ಹಾನಗಲ್ ಕ್ಷೇತ್ರದ ಉಪಚುನಾವಣೆ ಫಲಿತಾಂಶ ಬಂತು. ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆ 7,373 ಮತಗಳಿಂದ ಗೆದ್ದರು. ಪಕ್ಕದ ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ ಆಗ ಮುಖ್ಯಮಂತ್ರಿ. ಅವರದೇ ಜಿಲ್ಲೆಯಲ್ಲಿ ಅವರ ಪಕ್ಷ ಸೋತಿತ್ತು. ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 113.93 ರೂ., ಡೀಸೆಲ್ 104.50 ರೂ. ಮರುದಿನ, ನವೆಂಬರ್ 3ರಂದು, ಕೇಂದ್ರ ಸರ್ಕಾರ ಪೆಟ್ರೋಲಿನ ಸುಂಕ 5 ರೂ., ಡೀಸೆಲ್ಲಿನದು 10 ರೂ. ಇಳಿಸಿತು. ಅದೇ ರಾತ್ರಿ ರಾಜ್ಯ ಸರ್ಕಾರ ಎರಡಕ್ಕೂ 7 ರೂ. ಇಳಿಸುವುದಾಗಿ ಹೇಳಿತು. ದೀಪಾವಳಿ ಹೊತ್ತಿಗೆ ಬಂಕಿನ ಬೋರ್ಡು ಬದಲಾಗಿತ್ತು.

ಹಾನಗಲ್ ಜನ ವೋಟು ಹಾಕಿ ಎಣ್ಣೆ ದರ ಇಳಿಸಿದರು ಅಂತ ಹೇಳೋದು ಕೇಳೋಕೆ ಚಂದ. ಆದರೆ ಅಷ್ಟು ಸಲೀಸಲ್ಲ. ಅದೇ ದಿನ ಅದೇ ದರ ಇದ್ದೂ ಸಿಂದಗಿಯಲ್ಲಿ ಬಿಜೆಪಿ ದೊಡ್ಡ ಅಂತರದಿಂದ ಗೆದ್ದಿತ್ತು. ಉಪಚುನಾವಣೆಗಳು ದೇಶದ ಹಲವು ಕಡೆ ನಡೆದಿದ್ದವು. ಹಿಮಾಚಲದಲ್ಲಿ ನಾಲ್ಕಕ್ಕೆ ನಾಲ್ಕೂ ಸೋತಾಗ ಅಲ್ಲಿನ ಮುಖ್ಯಮಂತ್ರಿಯೇ ಬೆಲೆ ಏರಿಕೆಯನ್ನು ಕಾರಣವಾಗಿ ಹೇಳಿದರು. ಒಂದಂತೂ ಒಪ್ಪಬಹುದು: ಜನರ ಸಿಟ್ಟು ಸರ್ಕಾರಗಳಿಗೆ ಕೇಳಿಸುತ್ತೆ. ಕೇಳಿಸಿದ ಮೇಲೆ ಏನಾಗುತ್ತೆ ಅನ್ನೋದೇ ನಮ್ಮ ವಿಷಯ. ಅದಕ್ಕೆ ಸ್ವಲ್ಪ ಲೆಕ್ಕ ಬೇಕು. ಹೆದರಬೇಡಿ, ಎಂ-3 ಅಲ್ಲ, ಬರೀ ಗುಣಾಕಾರ.

ಕೇಂದ್ರದ ಸುಂಕಕ್ಕೆ ಪತ್ರಿಕೆಗಳಲ್ಲಿ ಅಬಕಾರಿ ಸುಂಕ ಅಂತಾರೆ. (ಅಬಕಾರಿ ಅಂದ ಕೂಡಲೇ ಹೆಂಡ ನೆನಪಾಗೋದು ನಮಗೊಬ್ಬರಿಗೇ ಅಲ್ಲ ಅಂದ್ಕೊಂಡಿದ್ದೇವೆ.) ಅದು ಲೀಟರಿಗೆ ಇಷ್ಟು ರೂಪಾಯಿ ಅಂತ ನಿಗದಿ. ಕಚ್ಚಾ ತೈಲ ಏರಲಿ ಇಳಿಯಲಿ, ಅದು ಅಷ್ಟೇ. ಕರ್ನಾಟಕದ ಮಾರಾಟ ತೆರಿಗೆ ಹಾಗಲ್ಲ, ಅದು ಶೇಕಡಾವಾರು. ಶೇಕಡಾ ಯಾವುದರ ಮೇಲೆ? ಕೇಂದ್ರದ ಸುಂಕವೂ ಸೇರಿದ ಬೆಲೆಯ ಮೇಲೆ. ಅಂದ್ರೆ ತೆರಿಗೆಯ ಮೇಲೆ ತೆರಿಗೆ. ಬರೆದರೆ ಹೀಗೆ:

ಬಂಕಿನ ದರ = (ಮೂಲ ಬೆಲೆ + ಕೇಂದ್ರದ ಸುಂಕ) × (1 + ರಾಜ್ಯದ ತೆರಿಗೆ ದರ)

ಡೀಲರ್ ಕಮಿಷನ್ ಸಣ್ಣದು ಅಂತ ಅದನ್ನು ಮೂಲ ಬೆಲೆಯಲ್ಲೇ ಸೇರಿಸಿಬಿಟ್ಟಿದ್ದೇವೆ.

ಈಗ ಆ ದೀಪಾವಳಿಯ ಡೀಸೆಲ್ಲಿಗೆ ಹಚ್ಚಿ ನೋಡಿ. ಕೇಂದ್ರ 10, ರಾಜ್ಯ 7, ಒಟ್ಟು 17 ರೂ. ಇಳಿಯಬೇಕಿತ್ತು. ಬೆಂಗಳೂರಿನಲ್ಲಿ ದರ 104.50ರಿಂದ 85ರ ಆಸುಪಾಸಿಗೆ ಬಂತು, ಇಳಿದದ್ದು ಹತ್ತೊಂಬತ್ತೂವರೆ. ಮೇಲಿನ ಎರಡೂವರೆ ರೂಪಾಯಿ ಎಲ್ಲಿಂದ ಬಂತು? ಆಗ ಡೀಸೆಲ್ ಮೇಲೆ ರಾಜ್ಯದ ತೆರಿಗೆ ಶೇ 24. ಕೇಂದ್ರ 10 ರೂ. ಇಳಿಸಿದ ಕೂಡಲೇ ಆ ಹತ್ತರ ಮೇಲೆ ರಾಜ್ಯ ಹಾಕುತ್ತಿದ್ದ 2.40 ರೂ. ತಾನಾಗಿಯೇ ಬಿದ್ದುಹೋಯಿತು. ಇನ್ನೂ ಖಾತ್ರಿ ಬೇಕಾದರೆ 104.50 ಅನ್ನು 1.24ರಿಂದ ಭಾಗಿಸಿ, 10 ಕಳೆದು, ಹೊಸ ತೆರಿಗೆ ಶೇ 14.34 ಹಚ್ಚಿ. 84.92 ಬರುತ್ತೆ. ಸೂತ್ರ ಸರಿಯಿದೆ ಅಂತ ನಮಗೆ ಧೈರ್ಯ ಬಂದದ್ದು ಇಲ್ಲಿ.

ಇಳಿದಾಗ ನಡೆಯೋದೇ ಏರಿದಾಗಲೂ ನಡೆಯುತ್ತೆ. ಕೇಂದ್ರ ಒಂದು ರೂಪಾಯಿ ಏರಿಸಿದರೆ ನಮ್ಮ ಜೇಬಿನಿಂದ ಹೋಗೋದು ಒಂದಕ್ಕಿಂತ ಜಾಸ್ತಿ. ಕಚ್ಚಾ ತೈಲ ಏರಿದರೂ ಅಷ್ಟೇ, ರಾಜ್ಯ ಬೆರಳು ಎತ್ತದೆ ಅದರ ಆದಾಯ ಏರುತ್ತೆ. ಹಾಗಾಗಿ "ಕೇಂದ್ರ ಏರಿಸಿತು, ನಾವೇನೂ ಮಾಡಿಲ್ಲ" ಅನ್ನೋ ರಾಜ್ಯದ ಮಾತು ಅರ್ಧ ಸತ್ಯ. ಅದು ಯಾವ ಪಕ್ಷದ ರಾಜ್ಯ ಸರ್ಕಾರ ಹೇಳಿದರೂ ಅರ್ಧವೇ.

ಇನ್ನು ಕೇಂದ್ರದ ಅರ್ಧ. 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲಿನ ಕೇಂದ್ರದ ಸುಂಕ ಲೀಟರಿಗೆ 17.80 ರೂ. ಆಯಿತು. ಇದರಲ್ಲಿ ಮೂಲ ಅಬಕಾರಿ ಸುಂಕ 1.80 ಮಾತ್ರ. ಉಳಿದದ್ದು ವಿಶೇಷ ಹೆಚ್ಚುವರಿ ಸುಂಕ 10, ಕೃಷಿ ಮೂಲಸೌಕರ್ಯ ಸೆಸ್ 4, ರಸ್ತೆ ಮತ್ತು ಮೂಲಸೌಕರ್ಯ ಸೆಸ್ 2. ಹಣಕಾಸು ಆಯೋಗದ ಪ್ರಕಾರ ರಾಜ್ಯಗಳಿಗೆ ಶೇ 41 ಪಾಲು ಸಿಗಬೇಕಲ್ಲ, ಆ ಪಾಲು ಸಿಗೋದು ಮೂಲ ಸುಂಕದಲ್ಲಿ ಮಾತ್ರ. 1.80ರಲ್ಲಿ ಶೇ 41 ಅಂದ್ರೆ 74 ಪೈಸೆ, ಅದೂ ಎಲ್ಲ ರಾಜ್ಯಗಳಿಗೂ ಸೇರಿ. "ರಾಜ್ಯಗಳಿಗೂ ಪಾಲು ಹೋಗುತ್ತೆ" ಅಂತ ಯಾರಾದರೂ ಟಿವಿಯಲ್ಲಿ ಹೇಳಿದರೆ ಈ 74 ಪೈಸೆ ನೆನಪಿಟ್ಟುಕೊಳ್ಳಿ.

ನಾವು ನಿಜಕ್ಕೂ ಬೆಚ್ಚಿದ್ದು ಇನ್ನೊಂದು ಕಡೆ. ಡೀಸೆಲ್ ತೆರಿಗೆಯ ಐದು ವರ್ಷದ ಜಾತಕವನ್ನು ಒಂದು ಹಾಳೆಯಲ್ಲಿ ಬರೆದು ನೋಡಿದಾಗ.

2020ರ ಆರಂಭದಲ್ಲಿ ಕೇಂದ್ರದ ಸುಂಕ 15.83 ರೂ. ಕೋವಿಡ್ ಬಂತು, ಕಚ್ಚಾ ತೈಲ ನೆಲ ಕಚ್ಚಿತು. ದರ ಇಳಿದು ಜನರಿಗೆ ಸಿಗಬೇಕಿದ್ದ ಲಾಭ ಸಿಗಲಿಲ್ಲ, ಯಾಕಂದ್ರೆ ಮಾರ್ಚ್‌ನಲ್ಲಿ 3 ರೂ., ಮೇನಲ್ಲಿ 13 ರೂ. ಸುಂಕ ಏರಿತು, 31.83 ಆಯಿತು. ಲಾಕ್‌ಡೌನಿನಲ್ಲಿ ಗಾಡಿಗಳೇ ಓಡುತ್ತಿರಲಿಲ್ಲ, ಹಾಗಾಗಿ ಹೆಚ್ಚು ಜನ ಗಮನಿಸಲೂ ಇಲ್ಲ. ಆಮೇಲೆ ಕಚ್ಚಾ ತೈಲ ಏರಿತು, ಸುಂಕ ಹಾಗೇ ಉಳಿಯಿತು, ಡೀಸೆಲ್ ನೂರು ದಾಟಿತು. 2021ರ ನವೆಂಬರಿನಲ್ಲಿ 10, 2022ರ ಮೇನಲ್ಲಿ 6 ಇಳಿಸಿದರು. ಎಷ್ಟಾಯಿತು? 15.80. ಹೊರಟ ಜಾಗಕ್ಕೇ ವಾಪಸ್. ಎರಡು ಸಲ ಚಪ್ಪಾಳೆ ಗಿಟ್ಟಿಸಿದ ಇಳಿಕೆ ನಿಜದಲ್ಲಿ ಏರಿಸಿದ್ದನ್ನು ಹಿಂದಿರುಗಿಸಿದ್ದು. 2025ರ ಏಪ್ರಿಲ್‌ನಲ್ಲಿ ಕಚ್ಚಾ ತೈಲ ಮತ್ತೆ ಅಗ್ಗವಾದಾಗ 2 ರೂ. ಏರಿಸಿದರು, ಬಂಕಿನ ದರ ಬದಲಾಗಲಿಲ್ಲ. ಬದಲಾಗಲಿಲ್ಲ ಅಂತ ಯಾರೂ ಬೀದಿಗೆ ಬರಲಿಲ್ಲ. ಇಳಿಯಬೇಕಿದ್ದದ್ದು ಇಳಿಯದೇ ಹೋಯಿತು ಅನ್ನೋದಕ್ಕೆ ಯಾರು ಧರಣಿ ಕೂರ್ತಾರೆ?

ರಾಜ್ಯದ ಜಾತಕವೂ ಹೀಗೇ. 2020ರ ಬಜೆಟ್ಟಿಗೆ ಮುಂಚೆ ಡೀಸೆಲ್ ಮೇಲೆ ಶೇ 21. ಬಜೆಟ್ಟಿನಲ್ಲಿ 24 ಆಯಿತು. ಹಾನಗಲ್ ಫಲಿತಾಂಶದ ಮರುದಿನ 14.34ಕ್ಕೆ ಇಳಿಯಿತು. 2021ರ ಸೆಪ್ಟೆಂಬರಿನಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ಎತ್ತಿನಗಾಡಿ ಏರಿ ವಿಧಾನಸೌಧಕ್ಕೆ ಬಂದು ದರ ಏರಿಕೆ ವಿರುದ್ಧ ಪ್ರತಿಭಟಿಸಿದ್ದರು. ಅವರದೇ ಸರ್ಕಾರ 2024ರ ಜೂನ್ 15ರಂದು, ಲೋಕಸಭಾ ಫಲಿತಾಂಶ ಬಂದು ಎರಡು ವಾರ ತುಂಬೋದರೊಳಗೆ, ಡೀಸೆಲ್ ತೆರಿಗೆಯನ್ನು 18.44ಕ್ಕೆ ಏರಿಸಿತು, ಈ ಸಲ ಬೀದಿಗಿಳಿದದ್ದು ಬಿಜೆಪಿ. 2025ರ ಏಪ್ರಿಲ್ 1ರಿಂದ 21.17. ಅದೇ ತಿಂಗಳು ಲಾರಿ ಮಾಲೀಕರು ಮುಷ್ಕರ ಹೂಡಿದರು. ಶೇ 21ರಿಂದ ಹೊರಟು ಶೇ 21ಕ್ಕೆ. ನಮ್ಮ ದರ ಅಕ್ಕಪಕ್ಕದ ರಾಜ್ಯಗಳಿಗಿಂತ ಕಡಿಮೆಯೇ ಇದೆ ಅಂತ ಸರ್ಕಾರ ಹೇಳಿದ್ದನ್ನೂ ಇಲ್ಲಿ ದಾಖಲಿಸಬೇಕು. ಆದರೆ ಅಕ್ಕಿಆಲೂರಿನವರು ಟ್ರ್ಯಾಕ್ಟರಿಗೆ ಎಣ್ಣೆ ಹಾಕಿಸೋಕೆ ಹೈದರಾಬಾದಿಗೆ ಹೋಗಲ್ಲವಲ್ಲ.

ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪರಿಚಿತ ಚಿತ್ರ. ಇಸ್ತ್ರಿ ಪೆಟ್ಟಿಗೆಯ ಥರ್ಮೋಸ್ಟಾಟ್ ಹಾಗೆ, ಆನ್-ಆಫ್. ಸೆನ್ಸರ್ ಜಾಗದಲ್ಲಿ ಚುನಾವಣೆ ಇದೆ. 2017ರ ಜೂನ್ 16ರಿಂದ ದರ ದಿನಾ ಪರಿಷ್ಕರಣೆ ಆಗುತ್ತೆ ಅಂತ ನಿಯಮ. ಆದರೆ 2018ರ ಮೇ 12ರಂದು ನಮ್ಮ ವಿಧಾನಸಭೆಗೆ ಮತದಾನ ಇತ್ತಲ್ಲ, ಏಪ್ರಿಲ್ 24ರಿಂದ ದರ ನಿಂತುಬಿಟ್ಟಿತು. ಮತದಾನ ಮುಗಿದು ಮೇ 14ಕ್ಕೆ ಮತ್ತೆ ಏರತೊಡಗಿತು. ಉತ್ತರ ಪ್ರದೇಶ ಸೇರಿ ಐದು ರಾಜ್ಯಗಳ ಚುನಾವಣೆ ಹೊತ್ತಿನಲ್ಲಿ, 2021ರ ನವೆಂಬರಿನಿಂದ 2022ರ ಮಾರ್ಚ್ 22ರವರೆಗೆ, ಮತ್ತೆ ಹೀಗೇ. ಆಮೇಲೆ ಎರಡು ವಾರದಲ್ಲಿ ಹತ್ತು ರೂಪಾಯಿ ಒಟ್ಟಿಗೆ ಏರಿತು. ದರ ತೈಲ ಕಂಪನಿಗಳ ತೀರ್ಮಾನ ಅಂತ ಸರ್ಕಾರ ಹೇಳುತ್ತೆ. ಆ ಕಂಪನಿಗಳ ಒಡೆಯ ಯಾರು ಅಂತ ಕೇಳಬಾರದು.

ಹಾಗಾದರೆ ಏನು ಮಾಡಬೇಕು? "ದರ ಇಳಿಸಿ" ಅನ್ನೋ ಬೇಡಿಕೆಯಿಂದ ನಾವು ಇಳಿಕೆಯನ್ನೇ ಪಡೆದೆವು, ಮತ್ತೆ ಕಳೆದುಕೊಂಡೆವು. "ದರ ಏರಿಸಲೇಬೇಡಿ, ಸರ್ಕಾರವೇ ಹೊರಲಿ" ಅನ್ನೋದನ್ನೂ ದೇಶ ಒಮ್ಮೆ ಮಾಡಿ ನೋಡಿದೆ. 2014ಕ್ಕಿಂತ ಮುಂಚೆ ಡೀಸೆಲ್ ದರ ತಡೆಹಿಡಿದು, ಕಂಪನಿಗಳ ನಷ್ಟಕ್ಕೆ ನಗದಿನ ಬದಲು ತೈಲ ಬಾಂಡ್ ಕೊಟ್ಟರು. ಲಕ್ಷ ಕೋಟಿಗೂ ಮೀರಿದ ಆ ಸಾಲದ ಅಸಲನ್ನು ತೀರಿಸುವ ಸರದಿ 2021ರ ನಂತರದ ತೆರಿಗೆದಾರರಿಗೆ ಬಂತು. ಜಿಎಸ್‌ಟಿಗೆ ತನ್ನಿ ಅನ್ನೋದು ಕಾಲೇಜು ಡಿಬೇಟಿನ ಮೆಚ್ಚಿನ ಉತ್ತರ. ಸಂವಿಧಾನದ 279ಎ ವಿಧಿಯಲ್ಲೇ ಅದಕ್ಕೆ ದಾರಿ ಇದೆ, ಮಂಡಳಿ ದಿನಾಂಕ ಹೇಳಬೇಕಷ್ಟೆ. 2021ರ ಸೆಪ್ಟೆಂಬರಿನಲ್ಲಿ ಲಖನೌ ಸಭೆಯಲ್ಲಿ ವಿಷಯ ಬಂದು, ಈಗ ಸಮಯವಲ್ಲ ಅಂತ ಪಕ್ಕಕ್ಕಿಟ್ಟರು. ರಾಜ್ಯಗಳ ಕೈಯಲ್ಲಿ ಉಳಿದಿರೋ ದೊಡ್ಡ ತೆರಿಗೆಗಳೇ ಕೆಲವು. ಅದನ್ನೂ ಬಿಟ್ಟುಕೊಡಿ ಅಂದ್ರೆ ಯಾವ ರಾಜ್ಯ ಒಪ್ಪುತ್ತೆ? ಸದ್ಯಕ್ಕೆ ಆಗದ ಮಾತು ಅಂತ ನಮ್ಮ ಅನಿಸಿಕೆ.

ಆಗಬಹುದಾದ್ದು ಇದು. ತೆರಿಗೆ ಎಷ್ಟು ಅನ್ನೋದರ ಬದಲು ಹೇಗೆ ಬದಲಾಗುತ್ತೆ ಅನ್ನೋದನ್ನು ಮೊದಲೇ ಬರೆದಿಡಬೇಕು. ಕಚ್ಚಾ ತೈಲ ಇಷ್ಟು ಡಾಲರ್ ದಾಟಿದರೆ ಸುಂಕ ಇಷ್ಟು ಇಳಿಯುತ್ತೆ, ಇಷ್ಟಕ್ಕಿಂತ ಕೆಳಗೆ ಬಂದರೆ ಇಷ್ಟು ಏರುತ್ತೆ ಅಂತ ರಾಜ್ಯಪತ್ರದಲ್ಲಿ ಪ್ರಕಟಿಸಿ, ಚುನಾವಣೆ ಇದ್ದರೂ ಇಲ್ಲದಿದ್ದರೂ ಹಾಗೇ ನಡೆಸಬೇಕು. ಅಗ್ಗದ ದಿನಗಳಲ್ಲಿ ಸರ್ಕಾರ ಉಳಿಸಿದ್ದು ತುಟ್ಟಿ ದಿನಗಳಲ್ಲಿ ಖರ್ಚಾಗುತ್ತೆ. ಶೇಕಡಾ ಬಿಟ್ಟು ರೂಪಾಯಿ ಲೆಕ್ಕಕ್ಕೆ ರಾಜ್ಯ ಬಂದರೆ ತೆರಿಗೆಯ ಮೇಲಿನ ತೆರಿಗೆ ತಪ್ಪುತ್ತೆ. ಕಚ್ಚಾ ತೈಲ ಏರಿದಾಗ ಜನರಿಗೆ ಎರಡು ಪೆಟ್ಟು ಬೀಳಲ್ಲ. ರಾಜ್ಯಕ್ಕೆ ಇದರಲ್ಲಿ ನಷ್ಟವೂ ಇದೆ: ಹಣದುಬ್ಬರದ ಜೊತೆ ಆದಾಯ ಏರಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಬಜೆಟ್ಟಿನಲ್ಲಿ, ಎಲ್ಲರ ಎದುರು, ಪರಿಷ್ಕರಿಸಲಿ. ಜೂನ್ ತಿಂಗಳ ಒಂದು ಶನಿವಾರ ಅಧಿಸೂಚನೆ ಹೊರಡಿಸಿ ಅಲ್ಲ.

ರೈತರಿಗೆ ಬೇರೆಯೇ ನೆರವು ಬೇಕು ಅನ್ನೋದನ್ನು ನಾವೂ ಒಪ್ಪುತ್ತೇವೆ, ಆದರೆ ಲೆಕ್ಕ ಹಾಕಿ ಕೊಡಬೇಕು. 2022-23ರ ರಾಜ್ಯ ಬಜೆಟ್ಟಿನಲ್ಲಿ ರೈತ ಶಕ್ತಿ ಅಂತ ಯೋಜನೆ ಘೋಷಿಸಿದರು: ಡೀಸೆಲ್ಲಿಗೆ ಎಕರೆಗೆ 250 ರೂ., ಗರಿಷ್ಠ ಐದು ಎಕರೆ. ಲೀಟರಿಗೆ 91 ರೂ. ಹಿಡಿದರೆ ಎಕರೆಗೆ ಎರಡೂಮುಕ್ಕಾಲು ಲೀಟರ್. ರೋಟಾವೇಟರ್ ಹೊಡೆಯುವಂಥ ಭಾರದ ಕೆಲಸದಲ್ಲಿ ಅಷ್ಟು ಎಣ್ಣೆಗೆ ಟ್ರ್ಯಾಕ್ಟರ್ ಒಂದು ಗಂಟೆ ಓಡೋದೂ ಕಷ್ಟ. 2.75 ಲೀಟರ್ ಡೀಸೆಲ್ಲಿನಲ್ಲಿ ಎರಡೂ ಸರ್ಕಾರಗಳ ತೆರಿಗೆಯೇ 2025ರ ಏಪ್ರಿಲ್‌ನಲ್ಲಿ ತೊಂಬತ್ತು ರೂಪಾಯಿ ದಾಟುತ್ತಿತ್ತು ಅನ್ನೋದು ಬೇರೆ ಮಾತು. ಇಡೀ ಲೀಟರಿನ ಲೆಕ್ಕ ಬೇಕಾದವರಿಗೆ: 2025ರ ಏಪ್ರಿಲ್‌ನ 91 ರೂಪಾಯಿಯಲ್ಲಿ ನಮ್ಮ ಸೂತ್ರದ ಪ್ರಕಾರ ರಾಜ್ಯಕ್ಕೆ 15.90, ಕೇಂದ್ರಕ್ಕೆ 17.80, ಉಳಿದ 57.30 ಎಣ್ಣೆ, ಸಂಸ್ಕರಣೆ, ಸಾಗಣೆ, ಕಮಿಷನ್ ಎಲ್ಲ ಸೇರಿ.

ಈ ಲೆಕ್ಕವನ್ನು ಒಂದು ಎಕ್ಸೆಲ್ ಶೀಟಿಗೆ ಹಾಕಿಟ್ಟಿದ್ದೇವೆ. ರಜೆಗೆ ಊರಿಗೆ ಹೋದಾಗ ನಿಮ್ಮ ಬಂಕಿನ ರಸೀದಿ ತನ್ನಿ, ದರ ಹಾಕಿ ನೋಡೋಣ. ಹಾವೇರಿ ಕಡೆ ಸಾಗಣೆ ಖರ್ಚಿನಿಂದ ಬೆಂಗಳೂರಿಗಿಂತ ಪೈಸೆಗಳಲ್ಲಿ ವ್ಯತ್ಯಾಸ ಬರುತ್ತೆ, ಗಾಬರಿಯಾಗಬೇಡಿ. ಮುಂದಿನ ಸಲ ಓಟು ಕೇಳೋಕೆ ಯಾರಾದರೂ ಬಂದಾಗ ಆ ಹಾಳೆಯನ್ನೇ ಮುಂದೆ ಹಿಡಿದು, "ಎಷ್ಟ್ ಇಳಸ್ತೀರಿ ಅನ್ನೂದ್ ಬ್ಯಾಡ್ರೀ, ಯಾವಾಗ ಎಷ್ಟ್ ಅನ್ನೂದನ್ನ ಬರದ್ ಕೊಡ್ರೀ" ಅಂತ ಕೇಳಬಹುದು. ಸೂತ್ರದಲ್ಲಿ ತಪ್ಪು ಕಂಡರೂ ಹೇಳಿ. ಡೀಲರ್ ಕಮಿಷನ್ನನ್ನು ಬ್ರಾಕೆಟ್ಟಿನ ಒಳಗೆ ಹಾಕಬೇಕೋ ಹೊರಗೋ ಅಂತ ನಮ್ಮ ರೂಮಿನಲ್ಲಿ ಜಗಳ ಇನ್ನೂ ಮುಗಿದಿಲ್ಲ.