ಬೇರು ಮತ್ತು ಕೊಂಬೆ: ದೇವರು ಆರಿಸಿಕೊಂಡ ಜನರನ್ನು ಕುರಿತು

ಪೇತ್ರನ ಮೊದಲನೆಯ ಪತ್ರದ ಎರಡನೆಯ ಅಧ್ಯಾಯವನ್ನು ಸಭೆಯಲ್ಲಿ ಓದುವಾಗ, ಆರಿಸಿಕೊಂಡ ಜನಾಂಗ, ದೇವರ ಸ್ವಕೀಯ ಪ್ರಜೆ ಎಂಬ ಬಿರುದುಗಳನ್ನು ನಾವು ನಮ್ಮವೆಂದೇ ಸಂತೋಷದಿಂದ ಸ್ವೀಕರಿಸುತ್ತೇವೆ. ಆದರೆ ಅವು ಮೊದಲು ಸೀನಾಯಿ ಬೆಟ್ಟದ ಬಳಿಯಲ್ಲಿ ಇಸ್ರಾಯೇಲ್ಯರಿಗೆ ದೊರೆತವು (ವಿಮೋ. 19:5-6). ಹಾಗಾದರೆ ದೇವರು ಅವರಿಂದ ಕಿತ್ತು ನಮಗೆ ಕೊಟ್ಟನೇ, ಇಲ್ಲವೆ ಅವರೊಂದಿಗೆ ನಮ್ಮನ್ನೂ ಪಾಲುಗಾರರನ್ನಾಗಿ ಮಾಡಿದನೇ? ಈ ಪ್ರಶ್ನೆಗೆ ನಾವು ಕೊಡುವ ಉತ್ತರವು ನಮ್ಮ ಪ್ರಸಂಗಗಳನ್ನು ಮಾತ್ರವಲ್ಲ, ದೇವರ ನಂಬಿಗಸ್ತಿಕೆಯನ್ನು ಕುರಿತ ನಮ್ಮ ಅರಿಕೆಯನ್ನೂ ತಟ್ಟುತ್ತದೆ.

ಹಳೆ ಒಡಂಬಡಿಕೆಯು ಆಯ್ಕೆಗೆ ಕಾರಣವನ್ನು ಆರಿಸಲ್ಪಟ್ಟವರ ಯೋಗ್ಯತೆಯಲ್ಲಿ ಹುಡುಕುವುದಿಲ್ಲ. ಇಸ್ರಾಯೇಲ್ಯರು ಸಂಖ್ಯೆಯಲ್ಲಿ ಹೆಚ್ಚಿನವರಾಗಿರಲಿಲ್ಲ, ದೇವರ ಪ್ರೀತಿಯೂ ಪಿತೃಗಳಿಗೆ ಆತನು ಮಾಡಿದ ಪ್ರಮಾಣವೂ ಅದಕ್ಕೆ ಕಾರಣ (ಧರ್ಮೋ. 7:7-8). ಅಬ್ರಹಾಮನ ಕರೆಯಲ್ಲಿಯೇ ಭೂಮಿಯ ಎಲ್ಲಾ ಕುಲಗಳ ಆಶೀರ್ವಾದವು ಅಡಗಿದೆ (ಆದಿ. 12:3). ಆಯ್ಕೆಯು ರಕ್ಷಾಕವಚವೂ ಅಲ್ಲ. ದೇವರು ಇಸ್ರಾಯೇಲನ್ನು ವಿಶೇಷವಾಗಿ ಅರಿತುಕೊಂಡಿರುವುದರಿಂದಲೇ ಅದರಿಂದ ಲೆಕ್ಕ ಕೇಳುವನೆಂದು ಆಮೋಸನು ಸಾರಿದನು (3:2). ಕೂಷ್ಯರೂ ಫಿಲಿಷ್ಟಿಯರೂ ಅರಾಮ್ಯರೂ ದೇವರ ದೃಷ್ಟಿಗೆ ಹೊರತಲ್ಲವೆಂದು ನೆನಪಿಸಿದವನೂ ಅವನೇ (9:7).

ಆದಿಸಭೆಯ ದೇವಶಾಸ್ತ್ರಜ್ಞರಲ್ಲಿ ಅನೇಕರು ಮೊದಲನೆಯ ಉತ್ತರವನ್ನೇ ಹಿಡಿದರು. 2ನೆಯ ಶತಮಾನದಲ್ಲಿ ಯುಸ್ತಿನನು ಟ್ರೈಫೋ ಎಂಬ ಯೆಹೂದ್ಯನೊಡನೆ ನಡೆಸಿದ ಸಂವಾದದಲ್ಲಿ ಕ್ರೈಸ್ತರೇ ನಿಜವಾದ ಇಸ್ರಾಯೇಲೆಂದು ವಾದಿಸಿದನು. ಅದೇ ಶತಮಾನದ ಸಾರ್ದಿಸಿನ ಮೆಲಿಟೋ ತನ್ನ ಪಸ್ಕ ಪ್ರಸಂಗದಲ್ಲಿ ಇಸ್ರಾಯೇಲಿನ ಮೇಲೆ ದೇವಹತ್ಯೆಯ ಆರೋಪವನ್ನು ಹೊರಿಸಿದನು. ಅಗಸ್ಟೀನನು 59ನೆಯ ಕೀರ್ತನೆಯನ್ನು ಆಧರಿಸಿ ಯೆಹೂದ್ಯರನ್ನು ಕೊಲ್ಲಬಾರದೆಂದರೂ, ಚದರಿಹೋದ ಅವರನ್ನು ಸಭೆಯ ಸತ್ಯಕ್ಕೆ ಸಾಕ್ಷಿಗಳೆಂದು ಮಾತ್ರ ಎಣಿಸಿದನು. ಈ ಬೋಧನೆಯು ಯುರೋಪಿನಲ್ಲಿ ಶತಮಾನಗಳ ತಿರಸ್ಕಾರಕ್ಕೂ ಹಿಂಸೆಗೂ ನೆಲವನ್ನು ಹದಮಾಡಿತೆಂಬುದನ್ನು ನಾವು ಮರೆಮಾಚಲಾರೆವು.

ಪೌಲನ ಉತ್ತರವು ಬೇರೆ. ಯಾವುದೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸಲಾರದೆಂದು ರೋಮಾಪುರದವರಿಗೆ ಬರೆದ ಪತ್ರದ 8ನೆಯ ಅಧ್ಯಾಯವನ್ನು ಮುಗಿಸಿದ ಕೂಡಲೇ ಅವನು ಇಸ್ರಾಯೇಲಿನ ವಿಷಯವನ್ನು ಎತ್ತಿಕೊಳ್ಳುತ್ತಾನೆ. ಈ ಕ್ರಮವು ಅರ್ಥಪೂರ್ಣವಾದದ್ದು. ಪಿತೃಗಳಿಗೆ ಕೊಟ್ಟ ಮಾತನ್ನು ದೇವರು ಹಿಂದೆಗೆದುಕೊಂಡಿದ್ದರೆ, ಕ್ರಿಸ್ತನಲ್ಲಿ ನಮಗೆ ಕೊಟ್ಟ ಮಾತಿಗೆ ಭದ್ರತೆ ಎಲ್ಲಿಯದು? ಆದಕಾರಣ ದೇವರು ತನ್ನ ಜನರನ್ನು ತಳ್ಳಿಬಿಡಲಿಲ್ಲವೆಂದು ಅವನು ಖಂಡಿತವಾಗಿ ಹೇಳುತ್ತಾನೆ (11:1-2).

ಅನಂತರ ಬರುವುದು ಎಣ್ಣೆಮರದ ದೃಷ್ಟಾಂತ. ಕಸಿ ಕಟ್ಟುವವರು ಸಾಮಾನ್ಯವಾಗಿ ಕಾಡುಗಿಡದ ಬುಡಕ್ಕೆ ಒಳ್ಳೆಯ ತಳಿಯ ಕಡ್ಡಿಯನ್ನು ಕೂಡಿಸುತ್ತಾರೆ. ಪೌಲನು ಹೇಳುವುದು ಇದಕ್ಕೆ ವಿರುದ್ಧ: ಕಾಡುಮರದ ಕೊಂಬೆಯನ್ನು ತೋಟದ ಮರಕ್ಕೆ ಕಟ್ಟಲಾಗಿದೆ. ಇದು ಸ್ವಭಾವಕ್ಕೆ ಹೊರತಾದ ಕಾರ್ಯವೆಂದು ಅವನೇ ಒಪ್ಪುತ್ತಾನೆ (11:24). ಅನ್ಯಜನರಾದ ನಾವು ಆ ಮರಕ್ಕೆ ಗುಣವನ್ನು ತಂದವರಲ್ಲ. ಅದರ ರಸದಿಂದ ಬದುಕುವವರು. ಕೆಲವು ಕೊಂಬೆಗಳು ಮುರಿದವೆಂದು ಹಿಗ್ಗುವವನಿಗೂ ಅದೇ ಕತ್ತಿಯ ಎಚ್ಚರಿಕೆಯಿದೆ. ಪೌಲನು ತನ್ನ ಜನರ ರಕ್ಷಣೆಗಾಗಿ ಪ್ರಾರ್ಥಿಸುವುದನ್ನು ಬಿಡಲಿಲ್ಲ (10:1). ಅವರು ಪಿತೃಗಳ ನಿಮಿತ್ತ ಪ್ರಿಯರೆನ್ನುವುದನ್ನೂ, ದೇವರ ಕರೆ ರದ್ದಾಗದೆನ್ನುವುದನ್ನೂ ಬಿಡಲಿಲ್ಲ (11:28-29). ಇವೆರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟ. ಒಂದನ್ನು ಬಿಟ್ಟರೆ ನಾವು ಪೌಲನನ್ನೇ ಬಿಟ್ಟಂತೆ.

ಯೆಹೂದ್ಯರ ಮಹಾಸಂಹಾರದ ತರುವಾಯ ಸಭೆಗಳು ಈ ಅಧ್ಯಾಯಗಳನ್ನು ಹೊಸದಾಗಿ ಓದಿದವು. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯ 'ನೊಸ್ತ್ರಾ ಏತಾತೆ' ಘೋಷಣೆಯು ಯೆಹೂದ್ಯರನ್ನು ಶಾಪಗ್ರಸ್ತರೆಂದು ಬೋಧಿಸಬಾರದೆಂದಿತು. 1980ರಲ್ಲಿ ಜರ್ಮನಿಯ ರೈನ್‌ಲ್ಯಾಂಡ್ ಸುವಾರ್ತಾ ಸಭೆಯ ಸಿನೊಡ್ ಅವರ ಆಯ್ಕೆಯು ಶಾಶ್ವತವೆಂದು ಅರಿಕೆಮಾಡಿತು. ಅದಕ್ಕೂ ಮುಂಚೆ, 1942ರಲ್ಲಿ, ಕಾರ್ಲ್ ಬಾರ್ತ್ ಕ್ರಿಸ್ತನೇ ಆರಿಸುವ ದೇವರೂ ಆರಿಸಲ್ಪಟ್ಟ ಮನುಷ್ಯನೂ ಆಗಿದ್ದಾನೆಂದೂ, ಇಸ್ರಾಯೇಲೂ ಸಭೆಯೂ ಒಂದೇ ಸಮುದಾಯದ ಎರಡು ರೂಪಗಳೆಂದೂ ಪ್ರತಿಪಾದಿಸಿದ್ದರು. ಆದರೂ ಇಸ್ರಾಯೇಲಿಗೆ ನ್ಯಾಯತೀರ್ಪಿನ ಸಾಕ್ಷಿಯ ಪಾತ್ರವನ್ನೇ ಅವರು ಕೊಟ್ಟರೆಂಬ ಆಕ್ಷೇಪಣೆ ನ್ಯಾಯವಾದುದೇ.

1947ರಲ್ಲಿ ದಕ್ಷಿಣ ಇಂಡಿಯಾ ಸಭೆಯ ಮೊದಲ ಬಿಷಪರಲ್ಲೊಬ್ಬರಾದ ಲೆಸ್ಲಿ ನ್ಯೂಬಿಗಿನ್ ಆಯ್ಕೆಯ ಉದ್ದೇಶವನ್ನು ಸ್ಪಷ್ಟಪಡಿಸಿದರು. ರಕ್ಷಣೆಯು ಪ್ರತಿಯೊಬ್ಬನಿಗೂ ಪ್ರತ್ಯೇಕವಾಗಿ ಮೇಲಿನಿಂದ ಇಳಿಯುವುದಿಲ್ಲ. ನೆರೆಯವನ ಮೂಲಕ ಬರುತ್ತದೆ. ಕೆಲವರು ಆರಿಸಲ್ಪಡುವುದು ಇತರರಿಗೆ ಅದನ್ನು ಮುಟ್ಟಿಸುವುದಕ್ಕಾಗಿಯೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕರೆ ರದ್ದಾಗದೆಂಬ ಮಾತು ಇಂದಿನ ಇಸ್ರಾಯೇಲ್ ರಾಷ್ಟ್ರದ ಪ್ರತಿಯೊಂದು ಕಾರ್ಯಕ್ಕೂ ದೇವರ ಮುದ್ರೆಯಲ್ಲ. ನಾಡಿನ ವಾಗ್ದಾನವನ್ನು ಅನ್ಯಾಯಕ್ಕೆ ಆಧಾರ ಮಾಡಬಾರದೆಂದು ಪ್ಯಾಲೆಸ್ತೀನಿನ ಕ್ರೈಸ್ತರು 2009ರ 'ಕೈರೋಸ್' ದಾಖಲೆಯಲ್ಲಿ ಮೊರೆಯಿಟ್ಟಿದ್ದಾರೆ. ಅವರ ಧ್ವನಿಯಲ್ಲಿ ನಮಗೆ ಆಮೋಸನ ಮಾತೂ ಕೇಳಿಸಬೇಕು.

ಪ್ರಸಂಗಪೀಠದಲ್ಲಿ ನಿಲ್ಲುವ ನಮಗೆ ಇದರಿಂದ ಎರಡು ಹೊಣೆಗಳು ಬರುತ್ತವೆ. ಶುಭ ಶುಕ್ರವಾರದಂದು ಯೋಹಾನನ ಸುವಾರ್ತೆಯನ್ನು ಓದುವಾಗ, ಯೇಸುವೂ ಆತನ ತಾಯಿಯೂ ಅಪೊಸ್ತಲರೂ ಯೆಹೂದ್ಯರೇ ಎಂಬುದನ್ನು ಸಭೆಗೆ ತಿಳಿಸಬೇಕು. ಕೆಲವು ನಾಯಕರ ಅಪರಾಧವನ್ನು ಇಡೀ ಜನಾಂಗದ ತಲೆಗೆ ಕಟ್ಟಬಾರದು. ಎರಡನೆಯದಾಗಿ, ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟುವ ನಮ್ಮ ನಾಡಿನಲ್ಲಿ, ಆರಿಸಿಕೊಂಡ ಜನಾಂಗವೆಂಬ ಬಿರುದು ಮತ್ತೊಂದು ಮೇಲುಜಾತಿಯ ಹೆಸರಾಗದಂತೆ ನೋಡಿಕೊಳ್ಳಬೇಕು. ಕೃಪೆಯಿಂದ ಕಸಿಯಾದ ಕೊಂಬೆಗೆ ಪಕ್ಕದ ಕೊಂಬೆಯನ್ನು ಹೀನೈಸುವ ಅಧಿಕಾರವಿಲ್ಲ. ಅದಕ್ಕಿರುವ ಕೆಲಸ ಒಂದೇ: ಬೇರಿನಿಂದ ಪಡೆದದ್ದನ್ನು ಫಲವಾಗಿ ಇತರರಿಗೆ ಕೊಡುವುದು.