ಕಾಲಿಗೆ ಬಿಗಿ ಪಟ್ಟಿ: ತಪ್ಪು ಕಲ್ಪನೆ ಮತ್ತು ಸತ್ಯ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂತೆಂದರೆ ಗಂಗಾವತಿ ತಾಲ್ಲೂಕಿನ ಸಾಣಾಪುರದ ಸುತ್ತ ಭತ್ತದ ನಾಟಿ ಶುರು. ದಿನವಿಡೀ ಕೆಸರಲ್ಲಿ ಬಗ್ಗಿ ನಿಲ್ಲುವ ಹೆಣ್ಣುಮಕ್ಕಳಿಗೆ ಸಂಜೆಗೆ ಕಾಲು ಭಾರ, ಪಾದದ ಹರಡಿನ ಸುತ್ತ ಬಾವು. ಕೆಲವರ ಮೀನಖಂಡದಲ್ಲಿ ನೀಲಿ ನರಗಳು ಹುರಿಗಟ್ಟಿರುತ್ತವೆ. ಇಂಥವರಿಗೆ ವೈದ್ಯರು ಬರೆದುಕೊಡುವ ಬಿಗಿ ಕಾಲುಚೀಲ, ಅಂದರೆ ಕಂಪ್ರೆಷನ್ ಸ್ಟಾಕಿಂಗ್ಸ್ ಬಗ್ಗೆ ಹಲವು ತಪ್ಪು ತಿಳಿವಳಿಕೆಗಳಿವೆ.

ಕಲ್ಪನೆ: ಬಿಗಿಯಾಗಿ ಕಟ್ಟಿದರೆ ರಕ್ತ ಸಂಚಾರ ನಿಲ್ಲುತ್ತದೆ.
ಸತ್ಯ: ಹದವಾದ ಒತ್ತಡ ರಕ್ತವನ್ನು ಮೇಲೇರಿಸುತ್ತದೆ. ಅಲುಗದೆ ನಿಂತಾಗ ಪಾದದ ಅಭಿಧಮನಿಯಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳದಲ್ಲಿ, ಒತ್ತಡ ಸುಮಾರು 80–90 ಮಿ.ಮೀ. ಪಾದರಸದಷ್ಟಿರುತ್ತದೆ. ನಡೆದಾಗ ಮೀನಖಂಡದ ಸ್ನಾಯು ರಕ್ತವನ್ನು ಹೃದಯದತ್ತ ನೂಕುತ್ತದೆ. ಅದು ಹಿಂದಿಳಿಯದಂತೆ ಕವಾಟಗಳು ತಡೆಯುತ್ತವೆ. ಅಭಿಧಮನಿ ಹಿಗ್ಗಿದರೆ ಕವಾಟದ ಎಸಳುಗಳು ಕೂಡುವುದಿಲ್ಲ, ರಕ್ತ ಕೆಳಗೇ ನಿಲ್ಲುತ್ತದೆ. ಬಿಗಿ ಚೀಲ ಅಭಿಧಮನಿಯನ್ನು ಕಿರಿದಾಗಿಸಿ ಹರಿವಿನ ವೇಗ ಹೆಚ್ಚಿಸುತ್ತದೆ.

ಕಲ್ಪನೆ: ಯಾವ ಬಟ್ಟೆ ಕಟ್ಟಿದರೂ ನಡೆದೀತು, ಬಿಗಿಯಾದಷ್ಟೂ ಒಳ್ಳೆಯದು.
ಸತ್ಯ: ಒತ್ತಡ ಹರಡಿನಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ ಇರಬೇಕು. ಮೊಣಕಾಲ ಕೆಳಗೆ ಬಟ್ಟೆ ಬಿಗಿದರೆ, ಚೀಲದ ಅಂಚು ಮಡಚಿಕೊಂಡರೆ ರಕ್ತಕ್ಕೆ ಅಲ್ಲೇ ತಡೆ. ಆದ್ದರಿಂದ ಕಾಲಿನ ಅಳತೆ ಕೊಟ್ಟೇ ಕೊಳ್ಳಿ. ಬೆಳಿಗ್ಗೆ ಹಾಸಿಗೆಯಿಂದ ಇಳಿಯುವ ಮುನ್ನ, ಬಾವು ಏರುವ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಆದರೆ ಗದ್ದೆಗೆ ಇಳಿಯುವಾಗ ತೆಗೆದಿಡಿ, ನೆನೆದ ಚೀಲ ಚರ್ಮ ಕೆಡಿಸುತ್ತದೆ. ಮನೆಗೆ ಬಂದು ಕಾಲು ತೊಳೆದು, ಚೆನ್ನಾಗಿ ಒರೆಸಿ, ಸ್ವಲ್ಪ ಹೊತ್ತು ಎತ್ತರಕ್ಕಿಟ್ಟು ಆಮೇಲೆ ಧರಿಸಿ.

ಕಲ್ಪನೆ: ಉಬ್ಬಿದ ನರ ಇದರಿಂದಲೇ ವಾಸಿಯಾಗುತ್ತದೆ.
ಸತ್ಯ: ನೋವು, ಭಾರ, ಬಾವು ಇಳಿಯುತ್ತವೆ, ಕೆಟ್ಟ ಕವಾಟ ಸರಿಹೋಗುವುದಿಲ್ಲ. ಆದರೆ ಅಭಿಧಮನಿಯ ತೊಂದರೆಯಿಂದ ಹರಡಿನ ಬಳಿ ಹುಣ್ಣಾದವರಿಗೆ ಕಾಲಿಗೆ ಸುತ್ತುವ ಬಿಗಿ ಪಟ್ಟಿಯೇ ಮುಖ್ಯ ಚಿಕಿತ್ಸೆ. ಆನೆಕಾಲಿನ ಬಾವಿಗೂ ಇದು ಬಳಕೆಯಲ್ಲಿದೆ. ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿಯಲ್ಲಿ ಆಯುರ್ವೇದ, ಯೋಗದ ಜೊತೆಗೆ ಪಟ್ಟಿ ಸುತ್ತುವ ಚಿಕಿತ್ಸೆ ಕೊಡುತ್ತಾರೆ.

ಕಲ್ಪನೆ: ಯಾರು ಬೇಕಾದರೂ ಹಾಕಿಕೊಳ್ಳಬಹುದು.
ಸತ್ಯ: ಧಮನಿ ಕಿರಿದಾಗಿದ್ದರೆ ಪಾದಕ್ಕೆ ಬರುವ ರಕ್ತವೇ ಕಡಿಮೆ, ಅಂಥ ಕಾಲನ್ನು ಬಿಗಿದರೆ ಚರ್ಮ ಸಾಯಬಹುದು. ಸಕ್ಕರೆ ಕಾಯಿಲೆಯವರಿಗೆ, ಬೀಡಿ ಸೇದುವವರಿಗೆ ಈ ಅಪಾಯ ಹೆಚ್ಚು. ತೋಳಿನ ಮತ್ತು ಹರಡಿನ ರಕ್ತದೊತ್ತಡ ಹೋಲಿಸುವ ಸರಳ ಪರೀಕ್ಷೆಯಿಂದ ಇದು ತಿಳಿಯುತ್ತದೆ.

ಒಂದೇ ಕಾಲು ದಿಢೀರನೆ ಊದಿ ನೋಯತೊಡಗಿದರೆ ಅದು ರಕ್ತ ಹೆಪ್ಪುಗಟ್ಟಿದ ಲಕ್ಷಣವಿರಬಹುದು. ತಿಕ್ಕಬೇಡಿ, ನೀವೇ ಪಟ್ಟಿ ಸುತ್ತಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಮಿಕ್ಕವರೂ ಅಷ್ಟೆ: ಮೊದಲು ಪರೀಕ್ಷೆ, ಆಮೇಲೆ ಪಟ್ಟಿ.